ಸಂಜೆ ಐದರ ಊಟ

12 ಜೂನ್ 1954, ನಿಲಂಗಾ

ಬೆಳಿಗ್ಗೆ ಹಾಜರಿ. ಒಳಗೆ ಏಳು ಮಂದಿ. ನಿನ್ನೆ ಸೇರಿದವನು ಮನ್ಮಥಪ್ಪ — ಹತ್ತಿರದ ಹಳ್ಳಿಯ ರೈತ, ಅರವತ್ತರ ಆಸುಪಾಸು. ಬದುವಿನ ಜಗಳದಲ್ಲಿ ದಾಯಾದಿಯ ತಲೆ ಒಡೆದ ಕೇಸು. ಜಮಾನತು ನಿಲ್ಲಲು ಯಾರೂ ಬಂದಿಲ್ಲ. ಇಡೀ ದಿನ ಹೊಟ್ಟೆ ಒತ್ತಿಕೊಂಡು ಗೋಡೆಗೆ ಒರಗಿದ್ದ. ಏನು ತ್ರಾಸು ಎಂದು ಕೇಳಿದೆ. ಹೊಲದ ಕೆಲಸ, ಊಟಕ್ಕೆ ಹೊತ್ತುಗೊತ್ತು ಇಲ್ಲ, ಎದೆ ಉರಿಯುತ್ತದೆ, ಕಣ್ಣಿಗೆ ನಿದ್ದೆ ಹತ್ತುವುದಿಲ್ಲ ಎಂದ. ನನ್ನ ಕಾಯಿಲೆಯನ್ನೇ ಒಪ್ಪಿಸಿದ ಹಾಗಿತ್ತು.

ಈ ಸಬ್‌ಜೈಲಿಗೆ ದಾರೋಗಾ ಆಗಿ ಬಂದು ಮೂರು ವರ್ಷ. ಹೊಟ್ಟೆ ಕೆಟ್ಟು ಎರಡು. ಬೆಳಿಗ್ಗೆ ಎರಡು ಸಲ ಚಹಾ, ಎಲೆಅಡಿಕೆ, ತಂಬಾಕು. ಮಧ್ಯಾಹ್ನದ ಊಟ — ಕೋರ್ಟಿನ ಕೆಲಸ ಬಿಟ್ಟರೆ ಉಂಟು, ಬಿಡದಿದ್ದರೆ ಇಲ್ಲ. ಐದಕ್ಕೆ ಕೈದಿಗಳ ಊಟ. ಹೊತ್ತು ಮುಳುಗುವ ಮೊದಲು ಲಾಕಪ್. ಅವರ ದಿನ ಅಲ್ಲಿಗೆ ಮುಗಿಯಿತು, ನನ್ನದು ಆಗ ಶುರು. ವಕೀಲರ ಕಟ್ಟೆ, ಇಸ್ಪೀಟು, ಮತ್ತೆ ಚಹಾ.

ಹತ್ತರ ಮೇಲೆ ಮನೆಗೆ. ಹೆಂಡತಿ ಸರುಬಾಯಿ ಒಲೆಯ ಮುಂದೆ ತೂಕಡಿಸುತ್ತಿದ್ದಳು. ಎದ್ದು ರೊಟ್ಟಿ ಬಡಿದಳು. ಬದನೆಕಾಯಿ, ಶೇಂಗಾ ಹಿಂಡಿ. ಮೂರು ರೊಟ್ಟಿ ತಿಂದೆ. ಮಲಗಿದೆ. ಆಯಿತು — ಎದೆಯಲ್ಲಿ ಕೆಂಡ. ಎದ್ದೆ. ಅಂಗಳ. ನೀರು. ಹಾಸಿಗೆ. ಮತ್ತೆ ಅಂಗಳ...

19 ಜೂನ್

ಉದಗೀರಕ್ಕೆ ಹೋಗಿ ಬಂದೆ. ಹೊಟ್ಟೆಯ ಡಾಕ್ಟರು ಮರಾಠಿಯವರು, ವಯಸ್ಸಾದವರು, ಸಾವಕಾಶವಾಗಿ ಕೇಳುತ್ತಾರೆ. ಅರ್ಧ ತಾಸು ನನ್ನ ಹೊಟ್ಟೆಯ ಕಥೆ ಹೇಳಿದೆ. ಬಿಳಿ ಪುಡಿ ಬರೆದುಕೊಟ್ಟರು. ಆಮೇಲೆ ಏನು ತಿನ್ನುತ್ತೀರಿ ಎಂದು ಕೇಳಲೇ ಇಲ್ಲ. ಯಾವಾಗ ತಿನ್ನುತ್ತೀರಿ ಎಂದು ಕೇಳಿದರು. ಹೇಳಿದೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೈಗೂ ಹಗಲು ರಾತ್ರಿ ತಿಳಿಯುತ್ತದಂತೆ. ಕತ್ತಲಾದ ಮೇಲೆ ಹೊಟ್ಟೆ ಕೆಲಸ ಕಡಿಮೆ ಮಾಡುತ್ತದೆ. ನೀವು ಆಗ ಹೋಗಿ ಮೂರು ರೊಟ್ಟಿ ಹಾಕಿ ಮಲಗುತ್ತೀರಿ, ಅದು ಏನು ಮಾಡಬೇಕು ಎಂದರು. ದಿನಾ ಒಂದೇ ಹೊತ್ತಿಗೆ ಉಣ್ಣಿ, ಕತ್ತಲಾಗುವ ಮೊದಲು ಉಣ್ಣಿ, ಪುಡಿ ಇಲ್ಲದಿದ್ದರೂ ನಡೆದೀತು.

ಬಸ್ಸಿನಲ್ಲಿ ಬರುತ್ತಾ ನಗು ಬಂತು. ಬೆಳಕಿದ್ದಾಗ ಉಣ್ಣಲು ನಾನೇನು ಕೈದಿಯೇ?

ಪುಡಿ ಸುಣ್ಣದ ಹಾಗಿದೆ. ಇಸ್ಪೀಟಿಗೆ ಹೋದೆ.

30 ಜೂನ್

ಸಂಜೆ ಗ್ರಹಣ. ಲಿಂಗ ಕಟ್ಟಿದವರಿಗೆ ಗ್ರಹಣದ ಮೈಲಿಗೆ ಇಲ್ಲವೆಂದು ನಮ್ಮ ಅಯ್ಯನವರು ಹೇಳುತ್ತಾರೆ. ಆದರೂ ಸರುಬಾಯಿಗೆ ಓಣಿಯ ಹೆಂಗಸರ ಮಾತೇ ಮಾತು. ಗ್ರಹಣ ಹಿಡಿದ ಮೇಲೆ ಒಲೆ ಹಚ್ಚುವುದಿಲ್ಲ ಎಂದಳು. ಜವಾನ ಚಾಂದಪಾಶಾನ ಕೈಯಲ್ಲಿ ಊಟದ ಕ್ಯಾರಿಯರ್ ಕಳಿಸಿದಳು. ಒಳಗಿನವರಿಗೂ ಇವತ್ತು ತುಸು ಮೊದಲೇ ಊಟ. ಅವರು ಅಂಗಳದಲ್ಲಿ ಸಾಲಾಗಿ ಕೂತರು. ನಾನು ಹೊರಗಿನ ಪಡಸಾಲೆಯಲ್ಲಿ ಕ್ಯಾರಿಯರ್ ಬಿಚ್ಚಿದೆ. ಒಟ್ಟಿಗೇ ಉಂಡಂತಾಯಿತು.

ಮೋಡ. ಗ್ರಹಣ ಕಾಣಲಿಲ್ಲ. ಬೆಳಕು ಮಾತ್ರ ಬೂದಿಬಣ್ಣಕ್ಕೆ ತಿರುಗಿತು. ಕಾಗೆಗಳು ಬೇವಿನ ಮರಕ್ಕೆ ಬಂದು ಕೂತವು. ಕಟ್ಟೆಗೆ ಇವತ್ತು ಯಾರೂ ಬರಲಿಲ್ಲ.

1 ಜುಲೈ

ಮಲಗಿದ್ದು ಗೊತ್ತು. ಎದ್ದದ್ದು ಗೊತ್ತು. ನಡುವೆ ಏನೂ ಗೊತ್ತಿಲ್ಲ. ಬಿಸಿಲು ಮುಖಕ್ಕೆ ಬಿದ್ದಾಗ ಎಚ್ಚರ. ಎರಡು ವರ್ಷದ ಮೇಲೆ ಇಂಥ ನಿದ್ದೆ!

ಗ್ರಹಣದ ಪ್ರಭಾವ ಎಂದಳು ಸರುಬಾಯಿ. ಇರಬಹುದು. ಇಲ್ಲದಿರಬಹುದು. ನೋಡೋಣ.

6 ಜುಲೈ

ನಾಲ್ಕೈದು ದಿನ ಪರೀಕ್ಷೆ ಮಾಡಿದೆ. ಒಂದು ದಿನ ಐದಕ್ಕೆ ಉಂಡೆ — ನಿದ್ದೆ. ಮರುದಿನ ಹತ್ತಕ್ಕೆ ಉಂಡೆ — ಅಂಗಳ. ಮತ್ತೆ ಐದಕ್ಕೆ — ನಿದ್ದೆ. ಇನ್ನು ಪರೀಕ್ಷೆ ಸಾಕು.

ದಿನಾ ಸಂಜೆ ಕ್ಯಾರಿಯರ್ ಕಳಿಸು ಎಂದು ಸರುಬಾಯಿಗೆ ಹೇಳಿದೆ. ಲಾಕಪ್ ಮುಗಿಯದೆ ನಾನು ಜೈಲು ಬಿಡುವಂತಿಲ್ಲ, ಮನೆಗೆ ಬಂದು ಉಣ್ಣುವಷ್ಟರಲ್ಲಿ ಕತ್ತಲಾಗುತ್ತದೆ. ರೊಟ್ಟಿ ತಟ್ಟುವ ಕೈ ನಿಂತಿತು.

"ಸಂಜೀ ಊಟ ಮನ್ಯಾಗ ಮಾಡಂಗೇ ಇಲ್ಲೇನ್ರಿ ಇನ್ನ?" ಎಂದಳು.

ಹೊಟ್ಟೆಗಾಗಿ ಎಂದೆ. ಕೈ ಮತ್ತೆ ನಡೆಯಿತು.

18 ಜುಲೈ

ಎದೆ ಉರಿ ಇಲ್ಲ. ಪುಡಿಯ ಡಬ್ಬಿ ಮುಟ್ಟಿಲ್ಲ. ಇಸ್ಪೀಟು ಬಿಟ್ಟೆ; ಬಿಟ್ಟೆ ಅನ್ನುವುದಕ್ಕಿಂತ, ಎಂಟಕ್ಕೆ ಕಣ್ಣು ಎಳೆಯುತ್ತವೆ. ದಾರೋಗಾ ಕೋಳಿಯ ಜೊತೆ ಗೂಡು ಸೇರುತ್ತಾನೆ ಎಂದು ವಕೀಲರು ಕಟ್ಟೆಯ ಮೇಲೆ ನಗಾಡಿದರಂತೆ. ನಗಲಿ.

ಮನ್ಮಥಪ್ಪನೂ ಹುಷಾರು. ಕೆನ್ನೆ ತುಂಬಿದೆ. ಬೆಳಿಗ್ಗೆ ಹತ್ತು, ಸಂಜೆ ಐದು — ಅದೇ ರೊಟ್ಟಿ, ಅದೇ ನೀರು ಬೇಳೆ. ಲಾಕಪ್ ಆದ ಸ್ವಲ್ಪ ಹೊತ್ತಿಗೆ ಗೊರಕೆ ಕೇಳುತ್ತದೆ. ಮೊದಲ ವಾರ ಕಳೆದ ಮೇಲೆ ಹೊಟ್ಟೆ ಹಿಡಿದುಕೊಂಡಿದ್ದು ನೆನಪಿಲ್ಲ ಎನ್ನುತ್ತಾನೆ. ಇದು ಕಾಯಿಲೆ ವಾಸಿಯಾಗುವ ಜಾಗವೇ? ಆದರೆ ಆಗಿದೆ.

29 ಜುಲೈ

ಓಣಿಯಲ್ಲಿ ಹೊಸ ಸುದ್ದಿ — ದಾರೋಗಾ ಕೈದಿಗಳ ರೇಷನ್ ತಿನ್ನುತ್ತಾನೆ. ಪಕ್ಕದ ಮನೆಯ ಸುಮನಬಾಯಿ ಸರುಬಾಯಿಯನ್ನೇ ಕೇಳಿದಳಂತೆ, ನಿಮ್ಮ ಮನೆಯವರು ಮನೆಯಲ್ಲಿ ಉಣ್ಣುವುದು ಬಿಟ್ಟಿದ್ದಾರಂತಲ್ಲ, ನಿಮ್ಮಲ್ಲಿ ಏನಾದರೂ ಮನಸ್ತಾಪವೇ ಎಂದು. ಸರುಬಾಯಿ ಇದನ್ನು ಗೋಡೆ ನೋಡುತ್ತಾ ಹೇಳಿದಳು. ನಾನು ನಕ್ಕೆ. ಕ್ಯಾರಿಯರ್ ಹೋಗುವುದು ಇಡೀ ಊರಿಗೆ ಕಾಣುತ್ತದಲ್ಲ ಎಂದೆ.

ಅವಳು ನಗಲಿಲ್ಲ.

9 ಆಗಸ್ಟ್, ಸೋಮವಾರ

ಶ್ರಾವಣ. ಸರುಬಾಯಿಗೆ ಉಪವಾಸ. ಇತ್ತೀಚೆಗೆ ಮಾತು ಕಡಿಮೆ. ನಿನ್ನೆ ಬೇಳೆಗೆ ಎರಡು ಸಲ ಉಪ್ಪು ಹಾಕಿದ್ದಳು. ತಲೆನೋವು ಎಂದು ಹಣೆಗೆ ಬಟ್ಟೆ ಕಟ್ಟಿಕೊಂಡಿರುತ್ತಾಳೆ. ಏನಾಯಿತು ಎಂದರೆ ಏನಿಲ್ಲ. ನನಗೆ ಸಿಟ್ಟು ಬರುತ್ತದೆ. ಗಂಡ ಹುಷಾರಾಗಿದ್ದಾನೆ, ಹೊತ್ತಿಗೆ ಮನೆಗೆ ಬರುತ್ತಾನೆ, ಇಸ್ಪೀಟು ಬಿಟ್ಟಿದ್ದಾನೆ. ಇನ್ನೇನು ಬೇಕು?

ಚೆನ್ನಾಗಿ ಉಂಡು ಚೆನ್ನಾಗಿ ಮಲಗಿಯೂ ಮನಸ್ಸಿಗೆ ಸಮಾಧಾನವಿಲ್ಲ. ಯಾಕೆಂದು ತಿಳಿಯುತ್ತಿಲ್ಲ.

14 ಆಗಸ್ಟ್, ಸಂಜೆ

ಮನ್ಮಥಪ್ಪನ ಹೆಂಡತಿ ಕಸ್ತೂರಬಾಯಿ ಭೇಟಿಗೆ ಬಂದಿದ್ದಳು. ಆರು ಮೈಲಿ ನಡೆದು. ಮೊದಲ ಸಲ ನೋಡಿದ್ದು. ಸೀರೆಯೊಳಗೆ ಬರೀ ಎಲುಬು. ಕಂಬಿಯ ಆಚೆ ಅವಳು, ಈಚೆ ಅವನು. ಹೆಚ್ಚು ಮಾತಿಲ್ಲ. ಎಮ್ಮೆ ಕರು ಹಾಕಿದ್ದು, ದಾಯಾದಿ ರಾಜಿಗೆ ಬಂದಾನು ಅನ್ನುವ ಸುದ್ದಿ. ಹೋಗುವಾಗ ಕಂಬ ಹಿಡಿದುಕೊಂಡು ಎದ್ದಳು.

ಐದಕ್ಕೆ ಎಲ್ಲರೂ ತಾಟು ಹಿಡಿದು ಕೂತರು. ಮನ್ಮಥಪ್ಪ ರೊಟ್ಟಿ ಮುರಿಯಲಿಲ್ಲ. ಹತ್ತಿರ ಹೋದೆ. ತಲೆ ಎತ್ತದೆ ಹೇಳಿದ —

"ಸಾಹೇಬ್ರ, ನಾ ಇಲ್ಲಿ ಹೊತ್ತಿಗಿ ಸರಿ ಉಣ್ಲಾಕತ್ತೀನಿ, ಮಕ್ಕೊಳ್ಲಾಕತ್ತೀನಿ. ಆಕಿ ನಲವತ್ತ ವರ್ಷ ನಾ ಉಂಡ ಮ್ಯಾಲೇ ಉಂಡಾಕಿ. ಈಗ ಯಾರು ಉಂಡ ಮ್ಯಾಲ ಉಣ್ಬೇಕ್ರಿ ಆಕಿ? ಕೇಳ್ದೆ. ಎಮ್ಮಿ ಮಾತ ತಗದ್ಲು."

ಪಡಸಾಲೆಗೆ ಬಂದೆ. ಕ್ಯಾರಿಯರ್ ತೆರೆದಿತ್ತು. ಪುಂಡಿಪಲ್ಯ, ಎರಡು ರೊಟ್ಟಿ, ಮಜ್ಜಿಗೆ. ಕೈ ಹಾಕಲಾಗಲಿಲ್ಲ. ಮುಚ್ಚಿಟ್ಟೆ. ಮತ್ತೆ ತೆರೆದು, ಅವಳು ಕೇಳುತ್ತಾಳೆಂದು ಉಂಡೆ.

ಅದೇ ರಾತ್ರಿ

ಎಂಟಕ್ಕೆ ಮಲಗಿದೆ. ನಿದ್ದೆ ಬಂದವನ ಹಾಗೆ. ಕಣ್ಣು ತುಸು ತೆರೆದು ನೋಡುತ್ತಿದ್ದೆ. ಸರುಬಾಯಿ ಬಹಳ ಹೊತ್ತು ಒಲೆಯ ಮುಂದೆ ಕೂತಳು. ಕೆಂಡದ ಮೇಲೆ ಬೂದಿ ಮುಚ್ಚಿದಳು. ರೊಟ್ಟಿಯ ಬುಟ್ಟಿಯ ಹತ್ತಿರ ಹೋದಳು, ಮುಚ್ಚಳ ತೆಗೆದಳು, ಮತ್ತೆ ಹಾಕಿದಳು. ಒಂದು ತಂಬಿಗೆ ನೀರು ಕುಡಿದಳು. ಬಂದು ಮಲಗಿದಳು.

ಎದ್ದು ಕೂತೆ. ಉಂಡೆಯಾ ಎಂದು ಕೇಳಿದೆ. ಹಸಿವಿಲ್ಲ ಎಂದಳು. ಎಷ್ಟು ದಿನದಿಂದ ಹಸಿವಿಲ್ಲ ಎಂದೆ. ಗೋಡೆಯ ಕಡೆ ಹೊರಳಿದಳು. ಆಮೇಲೆ ಕತ್ತಲಲ್ಲಿ ಅವಳ ಮಾತು —

"ಐದಕ್ಕ ನಂಗ ಹಸಿವಾಗಂಗಿಲ್ರಿ. ಹತ್ತಕ್ಕ ಆಗ್ತದ, ಆವಾಗ ನೀವು ಎಚ್ಚರ ಇರಂಗಿಲ್ಲ. ಗಂಡ ಮಕ್ಕೊಂಡಾಗ ಒಬ್ಬಾಕಿನೇ ಕುಂತು ಉಣ್ಣೋದು... ಕಳವು ಮಾಡ್ದಂಗ ಅನಸ್ತದ. ಬಾಯಾಗ ಹಾಕ್ಕೊಂಡದ್ದು ಇಳಿಯಂಗಿಲ್ರಿ."

ಗ್ರಹಣದ ದಿನದಿಂದ ಹೀಗೆ. ಮಧ್ಯಾಹ್ನ ನಾನು ಉಂಡ ಮೇಲೆ ಒಂದು ಹೊತ್ತು ಊಟ. ಅಷ್ಟೇ. ಸೋಮವಾರ ಅದೂ ಇಲ್ಲ.

ನಾಳೆಯಿಂದ ನಾನು ಅಲ್ಲಿ ಉಣ್ಣುವ ಹೊತ್ತಿಗೆ ನೀನು ಇಲ್ಲಿ ಉಣ್ಣಬೇಕು ಎಂದೆ. ಹೂಂ ಎಂದಳು. ಅಪ್ಪಣೆ ಕೊಟ್ಟಾಯಿತಲ್ಲ — ನನಗೆ ಹಗುರಾಯಿತು.

23 ಆಗಸ್ಟ್

ಊಟ ಬಡಿಸುತ್ತಿದ್ದಾಗ ಸುಮನಬಾಯಿ ಜೈಲಿನ ಬಾಗಿಲಿಗೆ ಓಡಿ ಬಂದಳು. ಸರುಬಾಯಿ ಬಾವಿಯ ಹತ್ತಿರ ಬಿದ್ದಿದ್ದಾಳೆ, ಹಣೆ ಒಡೆದಿದೆ, ಮಾತಾಡುತ್ತಿಲ್ಲ ಎಂದಳು. ಚಾಂದಪಾಶಾ ತಹಸಿಲ್‌ಗೆ ಟಪಾಲು ಒಯ್ದಿದ್ದ. ಏಳು ಮಂದಿ ಅಂಗಳದಲ್ಲಿ. ಬೀಗದ ಕೈ ನನ್ನ ಸೊಂಟದಲ್ಲಿ. ಕಾಲು ಬಾಗಿಲ ಕಡೆ, ಕಣ್ಣು ಒಳಗೆ. ಎಲ್ಲಿ ನಿಂತಿದ್ದೇನೆ ಎಂದು ತಿಳಿಯಲಿಲ್ಲ.

ಮನ್ಮಥಪ್ಪ ತಾಟು ಹಿಡಿದು ಎದ್ದ.

"ನೀವು ಹೋಗ್ರಿ ಸಾಹೇಬ್ರ. ನಾವು ಒಳಗ ಕುಂತು ಉಣ್ತೀವಿ. ಕೀಲಿ ಹಾಕ್ರಿ."

ಅವನು ಒಳಗೆ ಹೋದ. ಉಳಿದವರೂ ತಾಟು ಎತ್ತಿಕೊಂಡು ಹಿಂದೆ ಹೋದರು. ಯಾರೂ ಗೊಣಗಲಿಲ್ಲ. ಹೊತ್ತು ಇನ್ನೂ ಮೇಲಿತ್ತು. ಬೀಗ ಹಾಕಿ ಓಡಿದೆ.

ಮನೆಯ ಪಡಸಾಲೆಯಲ್ಲಿ ಅವಳನ್ನು ಮಲಗಿಸಿದ್ದರು. ಸೀರೆ ಒದ್ದೆ. ಹಣೆಯ ರಕ್ತಕ್ಕೆ ಅರಿಷಿಣ ಒತ್ತಿದ್ದರು. ಕಣ್ಣು ತೆರೆದಳು. ಕೊಡ ಒಡೆಯಿತು ಎಂದಳು. ಅದೇ ಮೊದಲ ಮಾತು.

ಸುಮನಬಾಯಿ ನನ್ನನ್ನು ಹೊರಗೆ ಕರೆದು ಹೇಳಿದಳು. ದಿನಾ ಐದಕ್ಕೆ ತಾಟು ಇಟ್ಟುಕೊಂಡು ಕೂಡುತ್ತಾಳಂತೆ. ಒಂದು ತುತ್ತು ಬಾಯಿಗೆ ಹೋದರೆ ವಾಕರಿಕೆ. ಉಳಿದದ್ದನ್ನು ಸುಮನಬಾಯಿಯ ಎಮ್ಮೆಗೆ ತಂದು ಹಾಕುತ್ತಾಳಂತೆ. ನನಗೆ ಹೇಳಬೇಡ ಎಂದು ಲಿಂಗದ ಆಣೆ ಹಾಕಿಸಿದ್ದಳಂತೆ.

ನಾಳೆ ಮೊದಲ ಬಸ್ಸಿಗೆ ಉದಗೀರ.

24 ಆಗಸ್ಟ್

ಮಾಂಜ್ರಾ ಹೊಳೆ ತುಂಬಿದೆ. ಬಸ್ಸು ಈ ದಂಡೆಯಲ್ಲೇ ನಿಂತಿದೆ. ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ, ಸುಮ್ಮನೆ ಕೂರಲಾಗುತ್ತಿಲ್ಲ. ಡ್ರೈವರ್ ಹೇಳುತ್ತಾನೆ, ಮಧ್ಯಾಹ್ನ ಇಳಿದೀತು. ಇಳಿಯದಿದ್ದರೆ? ನಕ್ಕುಬಿಟ್ಟ. ಹೊಳೆಗೆ ಯಾರೂ ಟೈಮ್‌ಟೇಬಲ್ ಕೊಟ್ಟಿಲ್ಲ ಎಂದ.

ಸರುಬಾಯಿಯ ತಲೆ ನನ್ನ ತೊಡೆಯ ಮೇಲೆ. ಬಸ್ಸಿನಲ್ಲಿ ಎಲ್ಲರ ಮುಂದೆ. ಬೇರೆ ದಿನವಾಗಿದ್ದರೆ ನಾಚಿಕೆಯಿಂದ ಎದ್ದುಬಿಡುತ್ತಿದ್ದಳು.

ಈಗ ವಾಂತಿಯಾಯಿತು. ಕಪ್ಪಗೆ. ಚಹಾದ ಗಸಿಯ ಹಾಗೆ. ತಿಂದದ್ದು ಏನೂ ಇಲ್ಲ, ಇದು ಎಲ್ಲಿಂದ—

5 ಸೆಪ್ಟೆಂಬರ್, ಉದಗೀರ

ಬದುಕಿದ್ದಾಳೆ.

ಇಷ್ಟು ದಿನ ಬರೆಯಲು ಕೈ ಬರಲಿಲ್ಲ. ಹೊಟ್ಟೆಯೊಳಗೆ ಗಾಯವಿತ್ತಂತೆ, ರಕ್ತ ಒಳಗೇ ಸುರಿಯುತ್ತಿತ್ತಂತೆ. ಗಾಯ ಇವತ್ತಿನದಲ್ಲ ಎಂದರು ಡಾಕ್ಟರು. ವರ್ಷಗಳಿಂದ ಇದೆ, ಈ ಎರಡು ತಿಂಗಳ ಬರಿಹೊಟ್ಟೆ ಅದನ್ನು ಕೆದಕಿತು. ಎರಡು ದಿನ ಅವರಿಗೂ ಭರವಸೆ ಇರಲಿಲ್ಲ. ಈಗ ಎರಡೆರಡು ತಾಸಿಗೆ ಹಾಲು. ಚಮಚದಲ್ಲಿ ನಾನೇ ಕುಡಿಸುತ್ತೇನೆ.

ಸೇರಿಸಿದ ದಿನ ಡಾಕ್ಟರು ಕೇಳಿದರು — ಇವರು ಊಟ ಮಾಡುವುದು ಯಾವಾಗ? ಜೂನಿನಲ್ಲಿ ಇದೇ ಕುರ್ಚಿಯಲ್ಲಿ ಕೂತು ನನ್ನ ಹೊಟ್ಟೆಯದು ಅರ್ಧ ತಾಸು ಹೇಳಿದ್ದೆ. ಇವಳದು ಒಂದು ಮಾತೂ ಗೊತ್ತಿರಲಿಲ್ಲ. ನನ್ನ ಹಿಂದೆ ಉಣ್ಣುತ್ತಾಳೆ ಎಂದೆ ಕೊನೆಗೆ. ಅವರು ಬರೆದುಕೊಳ್ಳಲಿಲ್ಲ.

ನನಗೂ ಈಗ ಊಟಕ್ಕೆ ಹೊತ್ತಿಲ್ಲ. ಸ್ಟ್ಯಾಂಡಿನ ಹತ್ತಿರ ಏನಾದರೂ, ಯಾವಾಗಲಾದರೂ. ಎದೆ ಉರಿ ವಾಪಸು. ಆಸ್ಪತ್ರೆಯ ಓಣಿಯಲ್ಲಿ ಆ ತುದಿಯಿಂದ ಈ ತುದಿಗೆ ತಿರುಗುತ್ತೇನೆ. ಕೂತರೆ ಕೆಟ್ಟ ಯೋಚನೆ.

21 ಸೆಪ್ಟೆಂಬರ್, ನಿಲಂಗಾ

ಮನೆಗೆ ಬಂದು ವಾರ. ನಮ್ಮೂರು ತುರೋರಿಯಿಂದ ಅವ್ವ ಬಂದಿದ್ದಾಳೆ. ನಾನು ಡ್ಯೂಟಿಗೆ.

ಡಾಕ್ಟರ ಅಪ್ಪಣೆ — ದಿನಾ ಅದೇ ಹೊತ್ತಿಗೆ, ಎರಡು ತುತ್ತಾದರೂ ಸರಿ. ಮೈ ಹೊಸ ಹೊತ್ತು ಕಲಿಯಲು ದಿನ ಹಿಡಿಯುತ್ತದೆ, ಬೈಯಬೇಡಿ ಎಂದಿದ್ದರು. ಇಂದು ಒಂದು ದಿನ ಕಾಯಿದೆ ಮೀರಿ ಐದಕ್ಕೆ ಚಾಂದಪಾಶಾನನ್ನು ಜೈಲಿಗೆ ನಿಲ್ಲಿಸಿ ಒಂದು ಗಳಿಗೆ ಮನೆಗೆ ಬಂದೆ. ಮೆತ್ತನೆಯ ನುಚ್ಚು, ಹಾಲು. ಅವಳು ತಾಟು ನೋಡಿದಳು, ನನ್ನನ್ನು ನೋಡಿದಳು. ಒಂದು ತುತ್ತು. ಗಂಟಲಲ್ಲೇ ನಿಂತಿತು. ಕಣ್ಣಲ್ಲಿ ನೀರು. ಹಟ ಅಲ್ಲ ಇದು. ಹದಿನಾಲ್ಕು ವರ್ಷ ಹತ್ತರ ಮೇಲೆ ಉಂಡ ಮೈ. ಐದಕ್ಕೆ ಹೊಟ್ಟೆ ಬಾಗಿಲು ತೆರೆಯುವುದಿಲ್ಲ. ಅದರ ಮೇಲೆ ಗಂಡ ಉಂಡಿಲ್ಲ ಅನ್ನುವುದು ಬೇರೆ.

ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಗಂಡಸಿಗಿಂತ ಮೊದಲು ಹೆಣ್ಣು ಉಣ್ಣುವ ಚಾಲಿ ನಮ್ಮ ಮನೆತನದಲ್ಲಿ ಇಲ್ಲ ಎಂದಳು. ಅವಳಿಗೆ ಯಾರು ತಿಳಿಸಬೇಕು? ತಿರುಗಿ ಜೈಲಿಗೆ ಹೋಗುವಾಗ ದಾರಿಯಲ್ಲಿ ಒಬ್ಬನೇ ಮಾತಾಡುತ್ತಿದ್ದೆ. ಯಾರೋ ನಮಸ್ಕಾರ ಎಂದರು, ಕೇಳಿಸಲಿಲ್ಲ.

28 ಸೆಪ್ಟೆಂಬರ್

ಹಾಗೇ ಇದೆ. ಎರಡು ತುತ್ತು, ಮೂರು ತುತ್ತು. ರಾತ್ರಿ ಹತ್ತಕ್ಕೆ ಹಸಿವೆಂದು ಹೊರಳುತ್ತಾಳೆ. ಕೊಡೋಣವೆಂದರೆ ಡಾಕ್ಟರ ಮಾತು ಅಡ್ಡ. ಹಾಲು ಕೊಟ್ಟೆ. ಇಬ್ಬರೂ ಮಲಗಲಿಲ್ಲ. ಅವ್ವ ಆ ಕೋಣೆಯಲ್ಲಿ ಕೆಮ್ಮುತ್ತಿದ್ದಳು, ಅವಳಿಗೂ ಎಚ್ಚರ.

3 ಅಕ್ಟೋಬರ್

ಇಂದು ಅವ್ವನ ಮೇಲೆ ಕೂಗಾಡಿದೆ. ಗಂಡನ ಹಿಂದೆ ಉಂಡೇ ಇವಳು ಸಾಯುವುದರಲ್ಲಿದ್ದಳು, ನಿನ್ನ ಚಾಲಿಯನ್ನು ಏನು ಮಾಡಲಿ ಎಂದೆ. ಅವ್ವ ಸಿಟ್ಟಾಗಲಿಲ್ಲ. ಅಕ್ಕಿ ಆರಿಸುತ್ತಲೇ ಇದ್ದಳು. ಆಮೇಲೆ ಹೇಳಿದಳು —

"ನಿಮ್ಮಪ್ಪ ಹೋದ ಮ್ಯಾಲ ಎರಡು ವರ್ಷ ನಂಗ ಹಸಿವು ಯಾವಾಗ ಆಗ್ತದಂತ ತಿಳೀಲಿಲ್ಲೋ ತಮ್ಮಾ. ಅಂವಾ ಉಂಡು ಕೈ ತೊಳಕೊಂಡ ಸಪ್ಪಳ ಕೇಳಿದ್ರ ನಂಗ ಹಸಿವಾಗ್ತಿತ್ತು. ಸಪ್ಪಳ ನಿಂತು ಹೋತು."

ನಾನು ಹೊರಗೆ ಬಂದುಬಿಟ್ಟೆ.

ಸಂಜೆ ಜೈಲಿನಿಂದ ಬಂದಾಗ ಸುಮನಬಾಯಿ ಕಟ್ಟೆಯ ಮೇಲೆ ಕೂತು ಹೇಳಿದಳು. ಐದಕ್ಕೆ ಅವ್ವ ತನಗೊಂದು ತಾಟು ಹಾಕಿಸಿಕೊಂಡಳಂತೆ. ತಾನು ಮೊದಲು ಉಂಡಳಂತೆ — ಯಾವತ್ತೂ ದೀಪ ಹಚ್ಚಿದ ಮೇಲೆ ಉಣ್ಣುವವಳು. ಕೈ ತೊಳೆದು, ಸರುಬಾಯಿಯ ತಾಟು ಮುಂದೆ ಸರಿಸಿ, ನಾನು ಹಿರಿಯಳು, ನಾನು ಉಂಡಾಯಿತು, ಇನ್ನು ನೀನು ಉಣ್ಣು ಎಂದಳಂತೆ.

ಎಷ್ಟು ಉಂಡಳು ಎಂದು ಕೇಳಿದೆ. ಅರ್ಧ ತಾಟು.

19 ಅಕ್ಟೋಬರ್

ದಿನಾ ಹಾಗೆಯೇ ನಡೆದಿದೆ. ಅವ್ವ ಮೊದಲು, ಸರುಬಾಯಿ ಆಮೇಲೆ. ಅವ್ವನಿಗೆ ಮೊದಲ ವಾರ ಹೊಟ್ಟೆ ಉಬ್ಬರ, ರಾತ್ರಿ ಹಸಿವು. ಗೊಣಗಿದಳು, ಬಿಡಲಿಲ್ಲ. ನಿನ್ನೆ ಸರುಬಾಯಿ ನಾಲ್ಕೂವರೆಗೇ ಅಡುಗೆಮನೆಗೆ ಹೋಗಿ ಮುಚ್ಚಳ ತೆಗೆದು ನೋಡಿದಳಂತೆ. ಹಸಿವಾಯಿತೇ ಎಂದರೆ ನಾಚಿದಳಂತೆ.

ರಾತ್ರಿ ಮಲಗುತ್ತಾಳೆ. ಅವಳ ಉಸಿರು ಕೇಳುತ್ತಾ ನಾನು ಎಚ್ಚರ ಇರುತ್ತೇನೆ. ಸರಿಯಾಗಿದೆಯೇ, ನಿಂತಿತೇ... ಇದು ಹೊಟ್ಟೆಯ ಕಾಯಿಲೆ ಅಲ್ಲ.

2 ನವೆಂಬರ್

ಮನ್ಮಥಪ್ಪನ ಕೇಸು ರಾಜಿಯಾಯಿತು. ಬಿಡುಗಡೆ. ಕಸ್ತೂರಬಾಯಿ ಬಂದಿದ್ದಳು. ಹೊರಗಿನ ಬೇವಿನ ಕೆಳಗೆ ಕೂತು ಬುತ್ತಿ ಬಿಚ್ಚಿದರು. ಅವನು ಒಂದು ರೊಟ್ಟಿ ಮುರಿದು ಅವಳ ಕೈಗೆ ಕೊಟ್ಟ. ಅವಳು ತೆಗೆದುಕೊಳ್ಳಲಿಲ್ಲ. ನೆಲದ ಮೇಲೆ, ಅವಳ ಮುಂದೆ ಇಟ್ಟ. ತಾನೂ ತಿನ್ನದೆ ಕೂತ. ಕೊನೆಗೆ ಅವಳು ಆ ಕಡೆ ಮುಖ ಮಾಡಿ ತಿಂದಳು. ನಾನು ಬಾಗಿಲ ಹಿಂದೆ ಸರಿದೆ.

ಹೊರಡುವಾಗ ಕೈ ಮುಗಿದ. ಅಮ್ಮನವರನ್ನು ಕೇಳಿದೆನೆಂದು ಹೇಳಿ ಎಂದ. ಮತ್ತೆ ಬರಬೇಡ ಎಂದೆ. ನಕ್ಕ.

ಆರು ಮಂದಿ ಉಳಿದರು. ಸಂಜೆ ಅಂಗಳ ಬಣಗುಟ್ಟಿತು.

28 ನವೆಂಬರ್

ಅಡತಿ ಅಂಗಡಿಯ ಮುಂದೆ ಮನ್ಮಥಪ್ಪ ಸಿಕ್ಕ. ಕೆನ್ನೆ ಮತ್ತೆ ಒಳಗೆ. ಜೋಳ ಕಾಯಲು ಹಂದಿಯ ಕಾಟಕ್ಕೆ ರಾತ್ರಿಯೆಲ್ಲ ಅಟ್ಟದ ಮೇಲೆ ಇರುತ್ತಾನೆ, ಹಗಲು ಮಲಗುತ್ತಾನೆ, ಊಟ ಕೈಗೆ ಸಿಕ್ಕಾಗ. ಎದೆ ಉರಿ ಶುರುವಾಗಿದೆ. ಕಸ್ತೂರಬಾಯಿ? ಅವಳು ಹುಷಾರು ಎಂದ. ದೀಪದ ಹೊತ್ತಿಗೆ ಸೊಸೆಯ ಜೊತೆ ಉಂಡುಬಿಡುತ್ತಾಳಂತೆ. ಬೆಳೆ ಕುಯ್ದ ಮೇಲೆ ನಾನೂ ಸೇರಿಕೊಳ್ಳುತ್ತೇನೆ ಎಂದ. ಚೀಲ ಹೊತ್ತುಕೊಂಡು ಹೋದ.

9 ಡಿಸೆಂಬರ್

ಅವ್ವ ತುರೋರಿಗೆ ಹೊರಡುತ್ತೇನೆ ಎನ್ನುತ್ತಾಳೆ. ಅಣ್ಣ ವೀರಭದ್ರನ ಮನೆಯಲ್ಲಿ ಎಳ್ಳಮಾವಾಸ್ಯೆಗೆ ಅವಳಿರಬೇಕು. ಇರು ಎಂದೆ. ಎಷ್ಟು ದಿನ ಅಂತ ಎಂದಳು. ಅದೂ ಖರೆ.

ನನ್ನ ತಲೆಯೊಳಗೆ ಒಂದೇ ಪ್ರಶ್ನೆ ತಿರುಗುತ್ತಿದೆ. ನಾನು ಐದಕ್ಕೆ ಜೈಲಿನಲ್ಲಿ. ಅವ್ವ ತುರೋರಿಯಲ್ಲಿ. ಸರುಬಾಯಿ ಯಾರ ಹಿಂದೆ ಉಣ್ಣಬೇಕು? ಲಾಕಪ್ ಹೊತ್ತು ಬದಲಿಸಲಾಗದು. ಸುಮನಬಾಯಿಗೆ ಹೇಳಲೇ? ಹೇಳಿದರೆ ಊರಿಗೇ ಹೇಳಿದಂತೆ. ಸರುಬಾಯಿಯನ್ನೇ ಕೇಳಿದೆ. ನೋಡೋಣ ಎಂದಳು. ಅಷ್ಟೇ.

12 ಡಿಸೆಂಬರ್

ಒಂದು ದಿನದ ರಜೆ. ಬೆಳಿಗ್ಗೆ ಅವ್ವನನ್ನು ತುರೋರಿಗೆ ಬಿಟ್ಟೆ. ಹೊರಡುವಾಗ ಅವ್ವ ಸರುಬಾಯಿಯ ಗದ್ದ ಹಿಡಿದು ನೋಡಿದಳು. ಐದರೊಳಗೆ ಬಂದುಬಿಡುತ್ತೇನೆ, ಇಂದು ಒಟ್ಟಿಗೇ ಉಣ್ಣೋಣ ಎಂದು ಸರುಬಾಯಿಗೆ ಹೇಳಿ ಹೋಗಿದ್ದೆ.

ವಾಪಸು ಬರುವಾಗ ಉಮರ್ಗಾದಲ್ಲಿ ಬಸ್ಸು ಹೊತ್ತಿಗೆ ಸರಿಯಾಗಿ ಸಿಕ್ಕಿತು. ಅರ್ಧ ದಾರಿಯಲ್ಲಿ ಟೈರು ಹೋಯಿತು. ಬದಲಿ ಟೈರಿನಲ್ಲೂ ಗಾಳಿ ಇಲ್ಲ. ಕ್ಲೀನರ್ ಪಂಪು ಒತ್ತುತ್ತಾ ಕೂತ. ರಸ್ತೆಯ ಪಕ್ಕ ಕಲ್ಲಿನ ಮೇಲೆ ಕೂತೆ, ಎದ್ದೆ, ಕೂತೆ. ಹೊಟ್ಟೆ ತಾನೇ ಹೇಳಿತು, ಐದಾಯಿತು ಎಂದು. ಬಿಸಿಲು ಕಡಲೆ ಹೊಲದ ಮೇಲಿಂದ ಹೋಯಿತು. ಈಗ ತಾಟು ಇಟ್ಟುಕೊಂಡು ಬಾಗಿಲು ನೋಡುತ್ತಿರುತ್ತಾಳೆ. ನಾನು ಹೇಳಿ ಬಂದಿದ್ದೇ ತಪ್ಪು. ಏನೂ ಹೇಳದಿದ್ದರೆ ಉಣ್ಣುತ್ತಿದ್ದಳೇನೋ. ಇಲ್ಲ, ಉಣ್ಣುತ್ತಿರಲಿಲ್ಲ. ನಾಳೆಯೂ ಕಾಯುತ್ತಾಳೆ. ನಾಳಿದ್ದೂ. ಮತ್ತೆ ಆ ಕಪ್ಪು ವಾಂತಿ, ಮತ್ತೆ ಹೊಳೆಯ ದಂಡೆ... ಪಂಪು ನಾನೇ ಕಸಿದುಕೊಂಡು ಒತ್ತಿದೆ.

ಒಂಬತ್ತಕ್ಕೆ ನಿಲಂಗಾ. ಸ್ಟ್ಯಾಂಡಿನಿಂದ ಬಹುತೇಕ ಓಡುತ್ತಲೇ ಬಂದೆ.

ಬಾಗಿಲು ಚಿಲಕ ಹಾಕದೆ ಮುಂದೆ ಮಾಡಿತ್ತು. ಒಳಗೆ ಕಂದೀಲು. ಒಲೆಗೆ ಬೂದಿ ಮುಚ್ಚಿತ್ತು. ಅವಳ ತಾಟು ತೊಳೆದು ಗೋಡೆಗೆ ಬೋರಲು ಹಾಕಿತ್ತು. ಒಣಗಿತ್ತು. ಅವಳು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ಹೊಸ್ತಿಲಲ್ಲಿ ನಿಂತೆ. ಅವಳೇ ಹೇಳಿದಳು, ಮೊರದಿಂದ ಕಣ್ಣು ಎತ್ತದೆ.

"ಉಂಡೀನ್ರಿ ನಾ. ಐದಕ್ಕ ಹಸಿವಾತು. ಜರಾ ಹಾದಿ ನೋಡ್ದೆ. ಆಮ್ಯಾಲ ಉಂಡೆ."

ಚಲೋ ಮಾಡಿದೆ ಎಂದೆ. ದನಿ ಬೇರೆಯಾಗಿ ಬಂತು. ಅವಳಿಗೂ ಕೇಳಿಸಿರಬೇಕು, ಮೊರ ಒಂದು ಕ್ಷಣ ನಿಂತಿತು.

ಕೈಕಾಲು ತೊಳೆದು ಬಂದು ಇಲ್ಲಿ ಕೂತಿದ್ದೇನೆ. ಮದುವೆಯಾದ ಮೇಲೆ ಮೊದಲ ಸಲ ಅವಳು ನನಗಿಂತ ಮೊದಲು ಉಂಡಿದ್ದಾಳೆ, ನನ್ನ ಹಿಂದೆಯೂ ಅಲ್ಲ, ಅವ್ವನ ಹಿಂದೆಯೂ ಅಲ್ಲ. ದಾರಿಯುದ್ದಕ್ಕೂ ಇದನ್ನೇ ಬೇಡಿಕೊಂಡು ಬಂದೆ. ಸಂತೋಷವಾಯಿತು. ಖರೆ. ಆ ಬೋರಲು ತಾಟು ನೋಡಿದಾಗ ಇನ್ನೂ ಒಂದು ಏನೋ ಆಯಿತು — ಚುಚ್ಚಿದ ಹಾಗೆ, ಬಹಳ ಸಣ್ಣದು — ಅದನ್ನು ಏನೆಂದು ಬರೆಯಲಿ...

ಕರೆಯುತ್ತಿದ್ದಾಳೆ. ಇಷ್ಟು ಹೊತ್ತಿಗೆ ರೊಟ್ಟಿ ಬೇಡವಂತೆ, ಬರೀ ಹಾಲಂತೆ. ಅವಳ ಅಪ್ಪಣೆ. ನಾನು ಎದ್ದೆ.